ಬಸುರಿಗೆ ಬಿಸಿಲು, ಕೂಸಿಗೆ ಬುದ್ಧಿ: ಡಿ ಜೀವಸತ್ವದ ಪಾಠ



ಕಮಲಾಪುರದ ಕಡೆಯ ರೈತನು ತೊಗರಿ ಹೇರಿಕೊಂಡು ಹುಮನಾಬಾದ್ ರಸ್ತೆ ಹಿಡಿದು ಕಲಬುರಗಿ ಶಹರಕ್ಕೆ ಹೋಗುತ್ತಾನೆ. ಮಾಲು ಮಾರಿ ರೊಕ್ಕ ಕೈಗೆ ಬಂದ ಮೇಲೆ, ಮನೆಯಲ್ಲಿ ಸೊಸೆ ಬಸುರಿ ಇದ್ದಾಳೆಂದು ನೆನೆದು ಔಷಧದ ಅಂಗಡಿಯ ಮುಂದೆ ನಿಲ್ಲುತ್ತಾನೆ. ಅಲ್ಲಿ ಬಣ್ಣಬಣ್ಣದ ಡಬ್ಬಿಗಳು ಇರುತ್ತವೆ. ಒಂದರ ಮೇಲೆ ಗುಂಗುರು ಕೂದಲಿನ ದುಂಡು ಕೂಸಿನ ಚಿತ್ರ. "ಇದರಲ್ಲಿ ಡಿ ವಿಟಮಿನ್ ಇದೆ, ಹುಟ್ಟುವ ಮಗು ಚುರುಕಾಗುತ್ತದೆ" ಎಂದು ಅಂಗಡಿಯವರು ಹೇಳಿದರೆ ಯಾವ ಅಜ್ಜನ ಮನಸ್ಸು ಕರಗದು? ಒಂದು ಚೀಲ ತೊಗರಿಯ ರೊಕ್ಕದಲ್ಲಿ ಒಳ್ಳೆಯ ಪಾಲು ಅಲ್ಲಿಯೇ ಉಳಿಯುತ್ತದೆ.

ಆ ಮಾತಿನಲ್ಲಿ ಎಷ್ಟು ಖರೆ, ಎಷ್ಟು ಸುಳ್ಳು ಎಂಬುದನ್ನು ಈ ಪಾಠದಲ್ಲಿ ವಿಚಾರ ಮಾಡೋಣ. ತಾಯಿಯ ಮೈಯಲ್ಲಿರುವ ಡಿ ಜೀವಸತ್ವಕ್ಕೂ ಮಗುವಿನ ಮಿದುಳಿನ ಬೆಳವಣಿಗೆಗೂ ಇರುವ ಸಂಬಂಧವನ್ನು ಪಂಡಿತರು ದೂರದ ದೇಶಗಳಲ್ಲಿ ಹುಡುಕಿದ್ದಾರೆ. ನಮ್ಮ ಮೈಸೂರಿನಲ್ಲಿಯೂ ಹುಡುಕಿದ್ದಾರೆ. ಮೈಸೂರಿನಲ್ಲಿ ಕಂಡುಬಂದ ಸಂಗತಿಯು ಡಬ್ಬಿ ಮಾರುವವರಿಗೆ ಹಿತವಾಗದಿದ್ದರೂ ತೊಗರಿ ಬೆಳೆಯುವ ನಮಗೆ ಹಿತವಾಗುವಂತಹದು.

ಮೊದಲು ಡಿ ಜೀವಸತ್ವವೆಂದರೇನೆಂದು ತಿಳಿಯೋಣ. ಉಳಿದ ಜೀವಸತ್ವಗಳು ಹೆಚ್ಚಾಗಿ ಆಹಾರದಿಂದ ಬರುತ್ತವೆ. ಇದೊಂದನ್ನು ಮಾತ್ರ ನಮ್ಮ ಚರ್ಮವು ಬಿಸಿಲಿನ ಸಹಾಯದಿಂದ ತಾನೇ ತಯಾರಿಸುತ್ತದೆ. ಚರ್ಮದಲ್ಲಿ ಹುಟ್ಟಿದ್ದನ್ನು ಮೊದಲು ಪಿತ್ತಕೋಶವಿರುವ ಯಕೃತ್ತೂ ಆಮೇಲೆ ಮೂತ್ರಪಿಂಡವೂ ಹದಗೊಳಿಸುತ್ತವೆ. ಹೀಗೆ ಹದಗೊಂಡ ಡಿ ಜೀವಸತ್ವವು, ನಾವು ಉಂಡ ಅನ್ನದಲ್ಲಿರುವ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಕರುಳಿನಿಂದ ರಕ್ತಕ್ಕೆ ಸೇರುವಂತೆ ಮಾಡುತ್ತದೆ. ಸುಣ್ಣವಿಲ್ಲದೆ ಗೋಡೆ ನಿಲ್ಲದ ಹಾಗೆ ಕ್ಯಾಲ್ಸಿಯಂ ಇಲ್ಲದೆ ಎಲುಬು ನಿಲ್ಲುವುದಿಲ್ಲ. ಡಿ ಕಡಿಮೆಯಾದ ಮಕ್ಕಳ ಕಾಲುಗಳು ಬಿಲ್ಲಿನಂತೆ ಬಾಗುತ್ತವೆ. ದೊಡ್ಡವರ ಎಲುಬು ಮೆತ್ತಗಾಗಿ ಸೊಂಟ ನೋಯುತ್ತದೆ.

ಈ ವಿಷಯದಲ್ಲಿ ನಮ್ಮ ದೇಶದ ಒಂದು ಹಳೆಯ ದೃಷ್ಟಾಂತವಿದೆ. ಕಾಶ್ಮೀರದ ಶ್ರೀನಗರದಲ್ಲಿ ಹೆಂಗಸರ ದವಾಖಾನೆಯಲ್ಲಿ ಕೆಲಸ ಮಾಡಿದ ಕ್ಯಾಥ್ಲೀನ್ ವಾನ್ ಎಂಬ ವೈದ್ಯೆ ಹೆರಿಗೆಯ ಕಷ್ಟಗಳ ಬಗ್ಗೆ 1928ರಲ್ಲಿ ಒಂದು ಪುಸ್ತಕ ಬರೆದರು. ಒಳ್ಳೆಯ ಮನೆತನದ, ಗೋಷಾದಲ್ಲಿ ಕುಳಿತ ಹೆಂಗಸರ ಸೊಂಟದ ಎಲುಬು ಕುಗ್ಗಿ ಹೆರಿಗೆಯೇ ಆಗದಂತಹ ಸ್ಥಿತಿ ಬರುತ್ತಿತ್ತು. ದೋಣಿಯಲ್ಲಿಯೂ ಹೊಲದಲ್ಲಿಯೂ ದುಡಿಯುವ ಬಡ ಹೆಂಗಸರು ಸಲೀಸಾಗಿ ಹಡೆಯುತ್ತಿದ್ದರು. ಅನ್ನಕ್ಕೆ ಕೊರತೆಯಿಲ್ಲದ ಮನೆಯಲ್ಲಿ ಬಿಸಿಲಿಗೆ ಕೊರತೆಯಿತ್ತು.

ಇನ್ನು ಮಿದುಳಿನ ಮಾತಿಗೆ ಬರುವ ಮುನ್ನ ಕೊಟ್ಟಿಗೆಯ ಕಡೆ ಒಮ್ಮೆ ಹೋಗಿ ಬರೋಣ. ಹೆಚ್ಚು ಹಾಲು ಕೊಡುವ ಆಕಳು ಕರು ಹಾಕಿದ ಒಂದೆರಡು ದಿನಗಳಲ್ಲಿ ಗಡಗಡ ನಡುಗಿ, ಕುತ್ತಿಗೆಯನ್ನು ಪಕ್ಕಕ್ಕೆ ತಿರುಗಿಸಿಕೊಂಡು ಮಲಗಿಬಿಡುವುದನ್ನು ನಿಮ್ಮಲ್ಲಿ ಹಲವರು ಕಂಡಿದ್ದೀರಿ. ಇದಕ್ಕೆ ಹಾಲು ಜ್ವರವೆನ್ನುತ್ತಾರೆ. ಹೆಸರಿಗೆ ಜ್ವರವಾದರೂ ಮೈ ತಣ್ಣಗಿರುತ್ತದೆ. ಪಶುವೈದ್ಯರು ಬಂದು ರಕ್ತನಾಳದಲ್ಲಿ ಕ್ಯಾಲ್ಸಿಯಂ ಔಷಧವನ್ನು ನಿಧಾನವಾಗಿ ಬಿಟ್ಟರೆ ಬಿದ್ದ ಆಕಳು ಸ್ವಲ್ಪ ಹೊತ್ತಿನಲ್ಲಿ ಎದ್ದು ನಿಲ್ಲುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಒಮ್ಮೆಲೆ ಇಳಿದರೆ ನರಗಳೂ ಸ್ನಾಯುಗಳೂ ಹತೋಟಿ ತಪ್ಪುತ್ತವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಇಲ್ಲ.

ಕೂಸಿನ ಮೈಯಲ್ಲಿಯೂ ಇದೇ ಬಗೆಯ ಇಳಿತವಾಗಬಹುದು. ಹೊಟ್ಟೆಯಲ್ಲಿರುವಾಗ ಮಗುವಿಗೆ ಡಿ ಜೀವಸತ್ವ ಬರುವುದು ತಾಯಿಯ ರಕ್ತದಿಂದ ಮಾತ್ರ. ತಾಯಿಯ ಹತ್ತಿರವೇ ಇಲ್ಲದಿದ್ದರೆ ಮಗು ಬರಿಗೈಯಲ್ಲಿ ಹುಟ್ಟುತ್ತದೆ. ಎದೆಹಾಲು ಕೂಸಿಗೆ ಅಮೃತವಾದರೂ ಅದರಲ್ಲಿ ಡಿ ಅಂಶ ತೀರ ಕಡಿಮೆ. ಇಂತಹ ಕೂಸಿಗೆ ಹುಟ್ಟಿದ ಕೆಲವು ದಿನಗಳಲ್ಲಿಯೋ ಕೆಲವು ತಿಂಗಳುಗಳಲ್ಲಿಯೋ ರಕ್ತದ ಕ್ಯಾಲ್ಸಿಯಂ ಇಳಿದು ಫಿಟ್ಸ್ ಬರಬಹುದು. ನಮ್ಮ ದೇಶದ ಮಕ್ಕಳ ವೈದ್ಯರು ಇಂತಹ ಕೂಸುಗಳನ್ನು ಕಾಣುತ್ತಲೇ ಇದ್ದಾರೆ. ಕೈಕಾಲು ಸೆಟೆದುಕೊಳ್ಳುವುದು, ಕಣ್ಣು ಮೇಲೆ ಹೋಗುವುದು, ತುಟಿ ಒಂದೇ ಸಮನೆ ಅದಿರುವುದು, ಉಸಿರು ನಿಂತು ನಿಂತು ಬರುವುದು, ಇವು ಅದರ ಗುರುತುಗಳು. ಆಗ ಗಾಳಿ ಸೋಕಿದೆ, ಗ್ರಹ ಹಿಡಿದಿದೆ ಎಂದು ಬರೆ ಹಾಕಿಸುವವರು ಈಗಲೂ ಉಂಟು. ಕಾಸಿದ ಬಳೆಯಿಂದ ಕ್ಯಾಲ್ಸಿಯಂ ಏರುವುದಿಲ್ಲ. ಸುಟ್ಟ ಗಾಯ ಮಾತ್ರ ಉಳಿಯುತ್ತದೆ, ಅದು ಕೀವಾಗಿ ಕೂಸಿನ ಜೀವಕ್ಕೇ ಮುಳುವಾಗಬಹುದು. ಫಿಟ್ಸ್ ಬಂದ ಕೂಸನ್ನು ಒಂದು ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ಹಾಕದೆ, 108ಕ್ಕೆ ಫೋನ್ ಮಾಡಿ ಕೂಡಲೇ ದವಾಖಾನೆಗೆ ಒಯ್ಯಬೇಕು. ಬಹಳ ಹೊತ್ತು ನಿಲ್ಲದ ಫಿಟ್ಸ್ ಎಳೆಯ ಮಿದುಳಿಗೆ ಪೆಟ್ಟು ಕೊಡಬಲ್ಲದು. ತಾಯಿಯ ಡಿ ಜೀವಸತ್ವಕ್ಕೂ ಮಗುವಿನ ಮಿದುಳಿಗೂ ಇರುವ ಅತ್ಯಂತ ಗಟ್ಟಿಯಾದ ಸಂಬಂಧ ನನ್ನ ಮಟ್ಟಿಗೆ ಇದೇ. ಆದರೆ ಡಬ್ಬಿಯ ಮೇಲೆ ಇದನ್ನು ಬರೆದಿರುವುದಿಲ್ಲ.

ಈಗ ಬುದ್ಧಿಯ ಮಾತು. ಡಿ ಕಡಿಮೆಯಾದರೆ ಮಗು ಮಂದವಾಗುತ್ತದೆಯೇ? ಹೆಚ್ಚು ಕೊಟ್ಟರೆ ಜಾಣವಾಗುತ್ತದೆಯೇ?

ಈ ಸಂಶಯ ಮೊದಲು ಬಲವಾಗಿ ಎದ್ದದ್ದು ಇಲಿಗಳಿಂದ. ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದ ವಿಜ್ಞಾನಿಗಳು ಡಿ ಇಲ್ಲದ ಮೇವು ಹಾಕಿ ಸಾಕಿದ ತಾಯಿ ಇಲಿಗಳ ಮರಿಗಳನ್ನು ಪರೀಕ್ಷಿಸಿ, ಅವುಗಳ ಮಿದುಳಿನ ಆಕಾರವೇ ಬೇರೆಯಾಗಿರುವುದನ್ನು 2003ರಲ್ಲಿ ಪ್ರಕಟಿಸಿದರು. ಮಿದುಳಿನ ಹೊರಪದರ ತೆಳುವಾಗಿತ್ತು, ಒಳಗಿನ ನೀರಿನ ಗೂಡುಗಳು ದೊಡ್ಡದಾಗಿದ್ದವು. ಅದೇ ದೇಶದ ಪರ್ತ್ ನಗರದಲ್ಲಿ ಬಸುರಿಯರ ರಕ್ತವನ್ನು ತೆಗೆದಿಟ್ಟು, ಅವರ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು. ಡಿ ತೀರ ಕಡಿಮೆಯಿದ್ದ ತಾಯಂದಿರ ಮಕ್ಕಳಲ್ಲಿ ಮಾತು ಕಲಿಯುವ ತೊಂದರೆ ಹೆಚ್ಚು ಕಂಡಿತೆಂದು 2012ರಲ್ಲಿ ವರದಿ ಬಂದಿತು. ಔಷಧದ ಅಂಗಡಿಯ ಮಾತು ಇಂತಹ ವರದಿಗಳಿಂದಲೇ ಹರಡಿದ್ದು.

ಆದರೆ ರೈತನಾದವನು ಒಂದು ಮಾತನ್ನು ಬಲ್ಲನು. ಹೊಸ ಗೊಬ್ಬರ ಹಾಕಿದವನ ಹೊಲದಲ್ಲಿ ಬೆಳೆ ಚೆನ್ನಾಗಿದ್ದರೆ ಅದು ಗೊಬ್ಬರದಿಂದಲೇ ಆಯಿತೆಂದು ಹೇಳಲಾಗದು. ಅವನ ಭೂಮಿಯೇ ಎರೆಭೂಮಿ ಇರಬಹುದು, ನೀರಾವರಿ ಇರಬಹುದು. ಖರೆ ತಿಳಿಯಬೇಕಾದರೆ ಒಂದೇ ಹೊಲವನ್ನು ಎರಡು ಪಟ್ಟಿ ಮಾಡಿ, ಒಂದಕ್ಕೆ ಹಾಕಿ ಇನ್ನೊಂದಕ್ಕೆ ಬಿಡಬೇಕು. ಅಂತಹ ಎರಡು ಪಟ್ಟಿಯ ಪ್ರಯೋಗವನ್ನು 2010ರ ಸುಮಾರಿಗೆ ಡೆನ್ಮಾರ್ಕ್ ದೇಶದಲ್ಲಿ ಮಾಡಿದರು. 623 ಬಸುರಿಯರಲ್ಲಿ ಚೀಟಿ ಎತ್ತಿದ ಹಾಗೆ ಅರ್ಧ ಜನಕ್ಕೆ ದಿನಕ್ಕೆ 400 ಯೂನಿಟ್ ಡಿ, ಉಳಿದರ್ಧ ಜನಕ್ಕೆ 2800 ಯೂನಿಟ್ ಕೊಟ್ಟರು. ಯಾರಿಗೆ ಯಾವುದೆಂಬುದು ತಾಯಂದಿರಿಗೂ ತಿಳಿದಿರಲಿಲ್ಲ. ಮಕ್ಕಳು ಆರು ವರ್ಷದವರಾಗುವವರೆಗೆ ನಡಿಗೆ, ಮಾತು, ತಿಳಿವಳಿಕೆ ಎಲ್ಲವನ್ನೂ ಪರೀಕ್ಷಿಸಿದರು. ಬುದ್ಧಿಯಲ್ಲಿ ಎರಡು ಗುಂಪಿಗೂ ಭೇದ ಕಾಣಲಿಲ್ಲ. ಭೇದ ಕಂಡದ್ದು ಬೇರೆಡೆಯಲ್ಲಿ. ಹೆಚ್ಚು ಡಿ ಪಡೆದ ತಾಯಂದಿರ ಮಕ್ಕಳಲ್ಲಿ ಹಲ್ಲಿನ ಮೇಲ್ಪದರದ ದೋಷ ಸುಮಾರು ಅರ್ಧಕ್ಕೆ ಇಳಿದಿತ್ತು, ಎಲುಬು ಹೆಚ್ಚು ಗಟ್ಟಿಯಾಗಿತ್ತು.

"ಅದು ಬಿಳಿಯರ ದೇಶದ ಮಾತು, ನಮ್ಮ ನೆಲಕ್ಕೆ ಹೇಗೆ ಹೊಂದೀತು?" ಎಂದು ನೀವು ಕೇಳಬಹುದು. ಯೋಗ್ಯವಾದ ಪ್ರಶ್ನೆ. ಉತ್ತರ ಮೈಸೂರಿನಲ್ಲಿದೆ.

ಮೈಸೂರಿನಲ್ಲಿ ಜನರು ಮಿಷನ್ ಆಸ್ಪತ್ರೆಯೆಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಬಹು ಹಳೆಯದು. 1997 ಮತ್ತು 1998ರಲ್ಲಿ ಅಲ್ಲಿಗೆ ಬಂದ ಬಸುರಿಯರನ್ನು ಸೇರಿಸಿಕೊಂಡು ಅಲ್ಲಿನ ಸಂಶೋಧಕರು ಒಂದು ದೀರ್ಘ ಅಭ್ಯಾಸ ಆರಂಭಿಸಿದರು. ಇಂಗ್ಲೆಂಡಿನ ಸೌತಾಂಪ್ಟನ್ನಿನ ವಿಜ್ಞಾನಿಗಳು ಇದರಲ್ಲಿ ಜೊತೆಗಿದ್ದರು. ಬಸುರಿಯ ಸುಮಾರು 30ನೆಯ ವಾರದಲ್ಲಿ ತಾಯಂದಿರ ರಕ್ತ ತೆಗೆದಿಟ್ಟರು. ಹುಟ್ಟಿದ ಮಕ್ಕಳನ್ನು ಮರೆಯದೆ ಮತ್ತೆ ಮತ್ತೆ ಕರೆಸಿ, ತೂಕ, ಎತ್ತರ, ಆರೋಗ್ಯ ಅಳೆಯುತ್ತ ಬಂದರು. ಬಿತ್ತಿದವನು ಮೂರು ನಾಲ್ಕು ತಿಂಗಳು ಕಾದು ರಾಶಿ ಮಾಡುತ್ತಾನೆ. ಇವರು ಹತ್ತು ಹದಿನಾಲ್ಕು ವರ್ಷ ಕಾದರು. ಇಷ್ಟು ತಾಳ್ಮೆಯ ಕೆಲಸ ನಮ್ಮ ರಾಜ್ಯದಲ್ಲಿಯೇ ನಡೆದದ್ದನ್ನು ನಮ್ಮ ಜನ ತಿಳಿದಿರಬೇಕು.

ಮೊದಲು ಕಂಡದ್ದು ಆಶ್ಚರ್ಯದ ಸಂಗತಿ. ಡಿ ಅಳೆದ 559 ತಾಯಂದಿರಲ್ಲಿ ನೂರಕ್ಕೆ 66 ಜನರ ರಕ್ತದಲ್ಲಿ ಅದು ಇರಬೇಕಾದ ಮಟ್ಟಕ್ಕಿಂತ ಕಡಿಮೆಯಿತ್ತು. ಇರಬೇಕಾದ ಮಟ್ಟವೆಂದರೆ ಇಂದಿನ ಪರೀಕ್ಷಾ ಚೀಟಿಯಲ್ಲಿ 20 ಎಂದು ಬರೆಯುವ ಅಂಕೆ. ವರ್ಷವಿಡೀ ಸೂರ್ಯನಿರುವ ಊರಿನಲ್ಲಿ ಮೂವರಲ್ಲಿ ಇಬ್ಬರಿಗೆ ಕೊರತೆ! ಆ ಮಕ್ಕಳು 9-10 ವರ್ಷದವರಾದಾಗ ಒಮ್ಮೆ, 13-14 ವರ್ಷದವರಾದಾಗ ಇನ್ನೊಮ್ಮೆ, ಪ್ರತಿ ಸಲ ಸುಮಾರು 470 ಮಕ್ಕಳ ನೆನಪಿನ ಶಕ್ತಿ, ವಿಚಾರ ಶಕ್ತಿ, ಮಾತಿನ ಸರಾಗ, ಲಕ್ಷ್ಯ ಇವುಗಳನ್ನು ಪರೀಕ್ಷೆ ಮಾಡಿದರು. ಡಾ. ಎಸ್. ಆರ್. ವೀಣಾ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಫಲ ಇದು: ತಾಯಿಯ ಡಿ ಕೊರತೆಯಿಂದ ಮಗುವಿನ ಬುದ್ಧಿ ಕುಂದಿತೆಂಬುದಕ್ಕೆ ಪುರಾವೆ ದೊರೆಯಲಿಲ್ಲ.

ಈ ಫಲದಿಂದ ಎರಡು ತಪ್ಪು ಅರ್ಥ ಮಾಡಿಕೊಳ್ಳಬಾರದು. ಬುದ್ಧಿಗೆ ಸಂಬಂಧ ಕಾಣಲಿಲ್ಲವೆಂದ ಮಾತ್ರಕ್ಕೆ ಡಿ ಬೇಡವೆಂದಾಗುವುದಿಲ್ಲ. ಎಲುಬು, ಹಲ್ಲು, ಕೂಸಿನ ಫಿಟ್ಸ್ ಈ ಮೂರೂ ಇದ್ದೇ ಇವೆ. ಹಾಗೆಯೇ, ಬಸುರಿಯಲ್ಲಿ ಡಿ ಕಡಿಮೆಯಿತ್ತೆಂದು ಚೀಟಿಯಲ್ಲಿ ಕಂಡ ತಾಯಿ, ಮಗು ಶಾಲೆಯಲ್ಲಿ ಹಿಂದೆ ಬಿದ್ದಾಗ ತನ್ನನ್ನೇ ಹಳಿದುಕೊಳ್ಳಬೇಕಾಗಿಲ್ಲ. ಮನೆಯವರೂ ಆಕೆಯನ್ನು ಹಳಿಯತಕ್ಕದ್ದಲ್ಲ.

ಅದೇ ಮೈಸೂರಿನ ಮಕ್ಕಳಲ್ಲಿ ಇನ್ನೊಂದು ಸಂಗತಿ ಕಂಡಿತ್ತು, ಇದನ್ನು 2010ರಲ್ಲಿಯೇ ಪ್ರಕಟಿಸಿದ್ದರು. 500ಕ್ಕೂ ಹೆಚ್ಚು ಮಕ್ಕಳನ್ನು 9-10ನೆಯ ವರ್ಷದಲ್ಲಿ ಪರೀಕ್ಷಿಸಿದಾಗ, ಬಸುರಿಯಲ್ಲಿ ಯಾವ ತಾಯಿಯ ರಕ್ತದಲ್ಲಿ ಫೋಲೇಟ್ ಎಂಬ ಜೀವಸತ್ವ ಹೆಚ್ಚು ಇತ್ತೋ ಆಕೆಯ ಮಗು ಬುದ್ಧಿಯ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದಿತ್ತು. ಇದು ಸಹ ಎರಡು ಪಟ್ಟಿಯ ಪ್ರಯೋಗವಲ್ಲವಾದ್ದರಿಂದ ಇದನ್ನೇ ಕಡೆಯ ಮಾತೆನ್ನಲಾಗದು. ಆದರೂ ಫೋಲೇಟಿನ ಇನ್ನೊಂದು ಉಪಕಾರದಲ್ಲಿ ಸಂಶಯವೇ ಇಲ್ಲ. ಗರ್ಭ ನಿಂತ ಮೇಲೆ ಸುಮಾರು 28 ದಿನಗಳೊಳಗೆ ಮಗುವಿನ ಮಿದುಳು ಮತ್ತು ಬೆನ್ನುಹುರಿಯ ಕೊಳವೆ ಮುಚ್ಚಿಕೊಳ್ಳಬೇಕು. ಫೋಲೇಟ್ ಸಾಲದಿದ್ದರೆ ಅದು ತೆರೆದೇ ಉಳಿಯುವ ಭಯವಿದೆ. ಆ ಹೊತ್ತಿಗೆ ತಾನು ಬಸುರಿಯೆಂದು ಹೆಣ್ಣಿಗೆ ತಿಳಿದೂ ಇರುವುದಿಲ್ಲ. ಆದಕಾರಣ ಮಗು ಬೇಕೆಂದಾಗಲೇ ಆಶಾ ಕಾರ್ಯಕರ್ತೆಯನ್ನೋ ದಾದಿಯನ್ನೋ ಕೇಳಿ ಫೋಲಿಕ್ ಆಮ್ಲದ ಗುಳಿಗೆ ಸುರುಮಾಡುವುದು ಜಾಣತನ.

ಫೋಲೇಟ್ ಎಲ್ಲಿರುತ್ತದೆ? ಬೇಳೆಕಾಳುಗಳಲ್ಲಿಯೂ ಹಸಿರು ತಪ್ಪಲು ಪಲ್ಯಗಳಲ್ಲಿಯೂ. ತೊಗರಿಯ ಕಣಜವೆನಿಸಿದ ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಊರೆಲ್ಲ ತೊಗರಿ ಬೆಳೆದು, ಎಲ್ಲವನ್ನೂ ಮಾರಿ, ಮನೆಯ ಬಸುರಿಗೆ ನೀರುಸಾರು ಬಡಿಸುವುದು ಯಾವ ಲೆಕ್ಕ? ರಾಶಿಯ ಕಾಲಕ್ಕೆ ಆಕೆಯ ಹೆಸರಿನಲ್ಲಿ ಒಂದು ಚೀಲ ಬೇರೆ ತೆಗೆದಿಡಿರಿ. ಗಟ್ಟಿ ಬೇಳೆ, ಮೆಂತ್ಯ ಪಲ್ಯ, ಪುಂಡಿ ಪಲ್ಯ, ರಾಜಗಿರಿ ದಿನಕ್ಕೊಂದರಂತೆ ಆಕೆಯ ತಾಟಿಗೆ ಬರಲಿ. ಪಲ್ಯವನ್ನು ಬಹಳ ಹೊತ್ತು ಕುದಿಸಿ ನೀರು ಬಸಿದು ಚೆಲ್ಲಿದರೆ ಫೋಲೇಟು ನೀರಿನ ಜೊತೆ ಹೋಗುತ್ತದೆ.

ಮಿದುಳಿಗೆ ಬೇಕೇಬೇಕಾದ ಇನ್ನೆರಡು ವಸ್ತುಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅಯೋಡಿನ್ ಕಡಿಮೆಯಾದರೆ ಹುಟ್ಟುವ ಮಗುವಿನ ಬುದ್ಧಿ ಕುಂದುವುದು ಜಗತ್ತಿಗೇ ತಿಳಿದ ವಿಷಯ. ಅಯೋಡಿನ್ ಸೇರಿಸಿದ ಪುಡಿ ಉಪ್ಪನ್ನೇ ತಂದು ಮುಚ್ಚಳದ ಡಬ್ಬಿಯಲ್ಲಿ, ಒಲೆಯಿಂದ ದೂರ ಇಡಬೇಕು. ಎರಡನೆಯದು ಕಬ್ಬಿಣದ ಅಂಶ, ಅದರ ಮಾತು ಗುಳಿಗೆಯ ಜೊತೆ ಮುಂದೆ ಬರುತ್ತದೆ.

ಮತ್ತೆ ಬಿಸಿಲಿಗೆ ಬರೋಣ. ಬಿಸಿಲ ನಾಡೆಂದು ಹೆಸರಾದ ನಮ್ಮಲ್ಲಿ ಬಿಸಿಲಿನ ಕೊರತೆಯೆಂದರೆ ನಗುವವರುಂಟು. ಶಹರದ ಹೆಣ್ಣುಮಗಳ ದಿನವನ್ನು ನೋಡಿರಿ. ಕಲಬುರಗಿಯ ಒತ್ತೊತ್ತಾದ ಓಣಿಯಲ್ಲಿಯೋ ಮೂರನೆಯ ಅಂತಸ್ತಿನ ಖೋಲಿಯಲ್ಲಿಯೋ ಇರುವವಳ ಅಂಗಳಕ್ಕೆ ಸೂರ್ಯನೇ ಬರುವುದಿಲ್ಲ. ಕಿಟಕಿಯ ಗಾಜಿನ ಹಿಂದೆ ಕುಳಿತರೆ ಸೆಕೆ ಸಿಗುತ್ತದೆ, ಡಿ ಸಿಗುವುದಿಲ್ಲ. ಡಿ ಹುಟ್ಟಿಸುವ ಕಿರಣವನ್ನು ಗಾಜು ತಡೆಯುತ್ತದೆ. ಕಮಲಾಪುರದ ಹೊಲದಲ್ಲಿ ತೊಗರಿಯ ಕಳೆ ತೆಗೆಯುವವಳಾದರೂ ತಲೆಗೆ ಸೆರಗು ಬಿಗಿದು, ಸೀರೆಯ ಮೇಲೆ ಗಂಡನ ತುಂಬುತೋಳಿನ ಹಳೆ ಅಂಗಿ ತೊಟ್ಟಿರುತ್ತಾಳೆ. ಮೈ ಸುಡಬಾರದೆಂದು ತೊಟ್ಟದ್ದು ಸರಿಯೇ. ಆದರೆ ಬಟ್ಟೆಯ ಕೆಳಗೆ ಡಿ ಹುಟ್ಟುವುದಿಲ್ಲ. ನಮ್ಮಂತಹ ಕಪ್ಪು ಚರ್ಮಕ್ಕೆ ಬಿಳಿಯರಿಗಿಂತ ಹೆಚ್ಚು ಹೊತ್ತಿನ ಬಿಸಿಲು ಬೇಕೆಂಬುದೂ ನಿಜ.

ಯಾವ ಹೊತ್ತಿನ ಬಿಸಿಲು? ಇಲ್ಲಿ ಹಿರಿಯರ ಮಾತನ್ನು ಸ್ವಲ್ಪ ತಿದ್ದಬೇಕಾಗಿದೆ. ಎಳೆಬಿಸಿಲು ಮೈಗೆ ಹಿತ, ಆದರೆ ಸೂರ್ಯನು ಕೆಳಗಿರುವಾಗ ಅದರಲ್ಲಿ ಡಿ ಹುಟ್ಟಿಸುವ ಕಿರಣ ಬಹಳ ಕಡಿಮೆ. ತಿರುಪತಿಯ ವೈದ್ಯರು ಚರ್ಮದಲ್ಲಿರುವ ಮೂಲವಸ್ತುವನ್ನು ಗಾಜಿನ ಕೊಳವೆಗಳಲ್ಲಿ ತುಂಬಿ ಬಿಸಿಲಿಗಿಟ್ಟು ನೋಡಿದಾಗ, 11 ಗಂಟೆಯಿಂದ 2 ಗಂಟೆಯವರೆಗೆ ಅದು ಅತಿ ಹೆಚ್ಚು ಬದಲಾಯಿತು. ಗಡಿಯಾರವಿಲ್ಲದೆ ತಿಳಿಯುವ ಒಂದು ಉಪಾಯವಿದೆ. ಅಂಗಳದಲ್ಲಿ ಒಂದು ಕೋಲು ನಿಲ್ಲಿಸಿ. ನೆರಳು ಕೋಲಿಗಿಂತ ಉದ್ದವಾಗಿದ್ದರೆ ಆ ಬಿಸಿಲಿನಲ್ಲಿ ಡಿ ಅಲ್ಪ. ನೆರಳು ಕೋಲಿಗಿಂತ ಗಿಡ್ಡವಾಗಿದ್ದರೆ ಆ ಬಿಸಿಲು ಕೆಲಸಕ್ಕೆ ಬರುತ್ತದೆ. ನಮ್ಮ ಭಾಗದಲ್ಲಿ ಡಿಸೆಂಬರ್ ತಿಂಗಳಲ್ಲಿ ನೆರಳು ಗಿಡ್ಡವಾಗಿರುವುದು ಸುಮಾರು 11 ಗಂಟೆಯಿಂದ ಒಂದೂವರೆಯವರೆಗೆ ಮಾತ್ರ. ಚಳಿಗಾಲದ ಆ ಹೊತ್ತು ಹಿತವಾಗಿಯೂ ಇರುತ್ತದೆ. ಬೇಸಿಗೆಯಲ್ಲಿ ಸೂರ್ಯ ಬೇಗನೆ ಮೇಲೇರುತ್ತಾನೆ, ಮೇ ತಿಂಗಳ ಎರಡನೆಯ ವಾರದ ಸುಮಾರಿಗೆ ನಡುಮಧ್ಯಾಹ್ನ ಕೋಲಿನ ನೆರಳು ಬುಡದಲ್ಲಿಯೇ ಅಡಗುತ್ತದೆ. ಆಗ ಬೆಳಿಗ್ಗೆ ಒಂಬತ್ತೂವರೆಗೇ ನೆರಳು ಕೋಲಿಗಿಂತ ಗಿಡ್ಡವಾಗಿರುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಒಂಬತ್ತೂವರೆಯ ಬಿಸಿಲೇ ಸಾಕು. 40 ಡಿಗ್ರಿ ಮೀರಿದ ಮಧ್ಯಾಹ್ನದಲ್ಲಿ ಬಸುರಿಯನ್ನು ಹೊರಗೆ ಕೂಡಿಸುವುದು ಡಿ ಆಸೆಗೆ ಜೀವ ಒತ್ತೆಯಿಟ್ಟ ಹಾಗೆ. ಬಿಸಿಲಿನ ಝಳವು ಬಸುರಿಗೂ ಹೊಟ್ಟೆಯ ಕೂಸಿಗೂ ಕೇಡು.

ಮುಖ, ಮುಂಗೈ, ತೋಳುಗಳಿಗೆ ಬಿಸಿಲು ತಾಗುವಂತೆ ಇಪ್ಪತ್ತು ಮೂವತ್ತು ನಿಮಿಷ, ವಾರದಲ್ಲಿ ನಾಲ್ಕೈದು ದಿನ ಕುಳಿತರೆ ಒಳ್ಳೆಯದು. ಚರ್ಮ ಉರಿಯುವವರೆಗೆ ಕೂರಬೇಕಾಗಿಲ್ಲ. ನಮ್ಮ ಕಡೆಯ ಮಾಳಿಗೆ ಮನೆಗಳು ಇದಕ್ಕೆ ಹೇಳಿ ಮಾಡಿಸಿದ ಹಾಗಿವೆ. ಸುತ್ತ ಕೈಯಳತೆಯ ಗೋಡೆಯಿದ್ದರೆ, ಇಲ್ಲವೆ ಒಂದು ಹಳೆ ಸೀರೆಯನ್ನು ಅಡ್ಡ ಕಟ್ಟಿದರೆ, ಬುರ್ಖಾ ತೊಡುವ ತಾಯಂದಿರೂ ಸೆರಗು ಬಿಡದ ಸೊಸೆಯಂದಿರೂ ಅಲ್ಲಿ ನಿರಾಳವಾಗಿ ಕುಳಿತು ಕಾಳು ಆರಿಸಬಹುದು. ಆ ಗೋಡೆ ಕಟ್ಟುವುದು, ಏಣಿಯ ಬದಲು ಮೆಟ್ಟಿಲು ಮಾಡಿಸುವುದು ಗಂಡಸರ ಪಾಲಿನ ಕೆಲಸ. ದಿನ ತುಂಬಿದ ಬಸುರಿ ಏಣಿ ಹತ್ತಬಾರದು.

ಬಾಣಂತಿಯ ಕೋಣೆಯ ಮಾತೂ ಇಲ್ಲಿ ಬರುತ್ತದೆ. ಗಾಳಿ ಸೋಕೀತೆಂದು ಕಿಟಕಿ ಮುಚ್ಚಿ, ಅಗ್ಗಿಷ್ಟಿಕೆಯ ಹೊಗೆಯಲ್ಲಿ ತಾಯಿಕೂಸುಗಳನ್ನು ತಿಂಗಳುಗಟ್ಟಲೆ ಕತ್ತಲೆಯಲ್ಲಿಡುವ ಪದ್ಧತಿ ಹಲವು ಮನೆಗಳಲ್ಲಿದೆ. ಕೂಸಿಗೆ ಬೆಚ್ಚಗಿರಬೇಕೆಂಬುದು ಸರಿ, ಹೊಗೆಯೂ ಕತ್ತಲೆಯೂ ಬೇಕಾಗಿಲ್ಲ. ಕೂಸಿನ ಮೆತ್ತನೆಯ ಚರ್ಮವನ್ನು ಖಾರ ಬಿಸಿಲಿಗೆ ಒಡ್ಡುವುದೂ ತಪ್ಪು. ಅದಕ್ಕೆಂದೇ ಮೊದಲ ವರ್ಷ ದಿನಕ್ಕೆ 400 ಯೂನಿಟ್ ಡಿ ಹನಿಗಳನ್ನು ಕೊಡಬೇಕೆಂದು ಮಕ್ಕಳ ವೈದ್ಯರು ಹೇಳುತ್ತಾರೆ. ಎಷ್ಟು ಹನಿಯೆಂಬುದು ಸೀಸೆಯಿಂದ ಸೀಸೆಗೆ ಬೇರೆ, ಕೇಳಿ ತಿಳಿಯಬೇಕು.

ಆಹಾರದಿಂದ ಡಿ ಸಿಗದೇ? ಮೊಟ್ಟೆಯ ಹಳದಿಯಲ್ಲಿ ಸ್ವಲ್ಪ, ಕೆಲವು ಮೀನುಗಳಲ್ಲಿ ಹೆಚ್ಚು. ಪ್ಲಸ್ ಎಫ್ ಗುರುತಿನ ಹಾಲು ಮತ್ತು ಎಣ್ಣೆಯ ಪಾಕೀಟಿನಲ್ಲಿ ಎ ಮತ್ತು ಡಿ ಸೇರಿಸಿರುತ್ತಾರೆ. ರೊಟ್ಟಿ, ಬೇಳೆ, ಕಾಯಿಪಲ್ಯದಲ್ಲಿ ಡಿ ಇಲ್ಲ. ನಮ್ಮ ಕಮಲಾಪುರದ ಕೆಂಪು ಬಾಳೆಹಣ್ಣಿನಲ್ಲಿಯೂ ಇಲ್ಲ. ಊರಿನ ಅಭಿಮಾನ ಬಿಟ್ಟು ಈ ಮಾತು ಹೇಳಬೇಕಾಯಿತು. ಹಸಿವಿಗೂ ಶಕ್ತಿಗೂ ಆ ಹಣ್ಣು ಉತ್ತಮ, ಧಾರಾಳವಾಗಿ ತಿನ್ನಲಿ.

ಡಿ ಇದ್ದರೂ ಕ್ಯಾಲ್ಸಿಯಂ ಇಲ್ಲದಿದ್ದರೆ ಗೌಂಡಿ ಬಂದಿದ್ದಾನೆ, ಸುಣ್ಣವಿಲ್ಲ ಎಂಬ ಹಾಗೆ. ಬಸುರಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಜೋಳದಲ್ಲಿ ಅದು ಬಹಳ ಕಡಿಮೆ, 100 ಗ್ರಾಂ ಹಿಟ್ಟಿಗೆ 25-30 ಮಿಲಿಗ್ರಾಂ ಮಾತ್ರ. ರಾಗಿಯಲ್ಲಿ ಅದರ ಹತ್ತುಪಟ್ಟಿಗೂ ಮೀರಿ ಇದೆ, ಆದರೆ ರಾಗಿ ನಮ್ಮ ಒಲೆಗೆ ಒಗ್ಗಿದ್ದಲ್ಲ. ನಮ್ಮಲ್ಲಿ ಸುಲಭವಾದವು ಹಾಲು, ಮೊಸರು, ದಪ್ಪ ಮಜ್ಜಿಗೆ, ಸಿಪ್ಪೆ ತೆಗೆಯದ ಎಳ್ಳಿನ ಹಿಂಡಿ. ಎಮ್ಮೆಯ ಹಾಲೆಲ್ಲ ಡೈರಿಗೆ ಹೋಗುವ ಮುನ್ನ ಎರಡು ಲೋಟ ಮನೆಯಲ್ಲಿ ಉಳಿಯಲಿ. ಎಲೆಗೆ ಸುಣ್ಣ ಹಚ್ಚಿ ಹಾಕಿಕೊಳ್ಳುತ್ತೇವೆ, ಅದರಿಂದಲೇ ಕ್ಯಾಲ್ಸಿಯಂ ಬರುತ್ತದೆಂದು ವಾದಿಸುವ ಹಿರಿಯರಿದ್ದಾರೆ. ಆ ಎಲೆಯ ಜೊತೆ ತಂಬಾಕು ಹೋಗುತ್ತದೆಂಬುದನ್ನು ಅವರು ಹೇಳುವುದಿಲ್ಲ. ತಂಬಾಕಿನಿಂದ ಕೂಸಿನ ತೂಕ ಇಳಿಯುತ್ತದೆ.

ಇನ್ನು ಗುಳಿಗೆ. ಸರಕಾರಿ ದವಾಖಾನೆಯಲ್ಲಿ ಬಸುರಿಗೆ ಎರಡು ಬಗೆಯ ಗುಳಿಗೆ ಬಿಟ್ಟಿಯಾಗಿ ಕೊಡುತ್ತಾರೆ. ಒಂದು ಕೆಂಪು ಗುಳಿಗೆ, ಅದರಲ್ಲಿ ಕಬ್ಬಿಣ ಮತ್ತು ಫೋಲಿಕ್ ಆಮ್ಲ ಇದೆ, ನಾಲ್ಕನೆಯ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ. ಇನ್ನೊಂದು ಕ್ಯಾಲ್ಸಿಯಂ ಗುಳಿಗೆ. ಪ್ರತಿ ಗುಳಿಗೆಯಲ್ಲಿ 500 ಮಿಲಿಗ್ರಾಂ ಕ್ಯಾಲ್ಸಿಯಮ್ಮಿನ ಜೊತೆ 250 ಯೂನಿಟ್ ಡಿ ಇರುತ್ತದೆ. ಇದನ್ನು ಊಟದ ಜೊತೆ ದಿನಕ್ಕೆ ಎರಡು ಸಲ, ಹೆರಿಗೆಯಾದ ಆರು ತಿಂಗಳವರೆಗೆ. ಅಂಗಡಿಯ ಡಬ್ಬಿಯಲ್ಲಿ ರೊಕ್ಕ ಕೊಟ್ಟು ಕೊಳ್ಳುವ ಡಿ, ತಾಯಿ ಕಾರ್ಡು ಹಿಡಿದು ಹೋದವಳಿಗೆ ಹೀಗೆ ಪುಕ್ಕಟೆ ಸಿಗುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು. ಎರಡು ಗುಳಿಗೆಗಳನ್ನು ಒಟ್ಟಿಗೆ ನುಂಗಿದರೆ ಕ್ಯಾಲ್ಸಿಯಂ ಕಬ್ಬಿಣವನ್ನು ಒಳಗೆ ಬಿಡುವುದಿಲ್ಲ. ಎರಡಕ್ಕೂ ನಡುವೆ ಎರಡು ತಾಸಾದರೂ ಅಂತರವಿರಲಿ. ಕೆಂಪು ಗುಳಿಗೆಯ ಮೇಲೆ ಚಹಾ ಕುಡಿಯಬಾರದು.

ಮನೆಮನೆಗಳಲ್ಲಿ ನಡೆಯುವ ಒಂದು ಸಂವಾದ ಹೀಗಿರುತ್ತದೆ.

"ನಾವು ನಾಕ ಹಡದೀವಿ ತಂಗೀ, ಯಾವ ಗುಳಿಗಿ ನುಂಗಿದ್ವಿ ಹೇಳು?" ಎಂದು ಅತ್ತೆ ಆಶಾ ಕಾರ್ಯಕರ್ತೆಯನ್ನು ಕೇಳುತ್ತಾಳೆ.

"ಖರೇ ಐತಿ ದೊಡ್ಡವ್ವ. ಆದ್ರ ನಿಮ್ಮ ಕಾಲಕ್ಕ ಮನ್ಯಾಗ ಎರಡ ಎಮ್ಮಿ ಇದ್ವು, ಹಾಲು ಮನ್ಯಾಗ ಉಳೀತಿತ್ತು. ನಿಮ್ಮ ಸೊಸಿ ಶಹರದಾಗ ಮ್ಯಾಲಿನ ಖೋಲ್ಯಾಗ ಇದ್ದು ಬಂದಾಳ. ಮತ್ತ ನಾಕರಾಗ ಎಷ್ಟು ಉಳದಾವ, ಅದನ್ನೂ ನೀವ ಹೇಳ್ರಿ."

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೊಡು, ನಾನೇ ನುಂಗಸ್ತೀನಿ" ಎನ್ನುತ್ತಾಳೆ. ಅತ್ತೆ ಒಪ್ಪಿದ ಮನೆಯಲ್ಲಿ ಗುಳಿಗೆ ಗೂಡಿನಲ್ಲಿ ಉಳಿಯುವುದಿಲ್ಲ.

ಹೆಚ್ಚಾದರೆ ಒಳ್ಳೆಯದಲ್ಲವೇ ಎಂದು ಕೇಳುವವರಿಗೆ ಯೂರಿಯಾದ ನೆನಪು ಮಾಡಿಕೊಡಬೇಕು. ಔಷಧದ ಅಂಗಡಿಗಳಲ್ಲಿ 60,000 ಯೂನಿಟ್ಟಿನ ಡಿ ಪುಡಿಯೂ ಗುಳಿಗೆಯೂ ಸಿಗುತ್ತವೆ. ವೈದ್ಯರು ಕೊರತೆಯನ್ನು ಕಂಡು ವಾರಕ್ಕೊಂದರಂತೆ ಕೆಲವೇ ವಾರ ಬರೆದುಕೊಡುವ ಔಷಧವದು. ದಿನಕ್ಕೊಂದರಂತೆ ನುಂಗಿದವರೂ, ಹಳೆಯ ಚೀಟಿ ತೋರಿಸಿ ತಿಂಗಳುಗಟ್ಟಲೆ ಕೊಂಡವರೂ ಇದ್ದಾರೆ. ಹೆಚ್ಚಾದ ಡಿ ಮೂತ್ರದಲ್ಲಿ ಹೋಗದೆ ಮೈಯ ಕೊಬ್ಬಿನಲ್ಲಿ ಕೂಡಿಕೊಳ್ಳುತ್ತದೆ. ರಕ್ತದ ಕ್ಯಾಲ್ಸಿಯಂ ಮಿತಿಮೀರಿ ವಾಂತಿ, ವಿಪರೀತ ನೀರಡಿಕೆ, ಮಲಬದ್ಧತೆ ಬಂದು ಮೂತ್ರಪಿಂಡ ಕೆಡುತ್ತದೆ. ವೈದ್ಯರು ಹೇಳದೆ ದಿನಕ್ಕೆ 4000 ಯೂನಿಟ್ ಮೀರಬಾರದೆಂಬುದು ದೊಡ್ಡವರಿಗೆ ಹಾಕಿದ ಗೆರೆ. ಎಲ್ಲ ಬಸುರಿಯರೂ ಡಿ ರಕ್ತಪರೀಕ್ಷೆ ಮಾಡಿಸಬೇಕಾಗಿಯೂ ಇಲ್ಲ, ಅದು ದುಬಾರಿ. ಎಲುಬು ನೋವು, ಏಳುವಾಗ ತೊಡೆಯಲ್ಲಿ ಶಕ್ತಿಯಿಲ್ಲದಿರುವುದು, ಹಿಂದಿನ ಕೂಸಿಗೆ ಫಿಟ್ಸ್ ಬಂದಿದ್ದು, ಇಂತಹವರು ವೈದ್ಯರಿಗೆ ಮುಂಚೆಯೇ ಹೇಳಬೇಕು.

ಪ್ರತಿ ತಿಂಗಳ 9ನೆಯ ತಾರೀಖು ಸರಕಾರಿ ದವಾಖಾನೆಗಳಲ್ಲಿ ಬಸುರಿಯರನ್ನು ವೈದ್ಯರೇ ಪರೀಕ್ಷಿಸುವ ಏರ್ಪಾಟು 2016ರಿಂದ ನಡೆದುಬಂದಿದೆ. ಕಮಲಾಪುರ ಭಾಗದವರು ಹತ್ತಿರದ ದವಾಖಾನೆಯಲ್ಲಿ ವಿಚಾರಿಸಿಕೊಂಡು ಹೋಗಬಹುದು. ಹೋಗುವಾಗ ತಾಯಿ ಕಾರ್ಡಿನ ಜೊತೆ ಮನೆಯಲ್ಲಿ ಉಳಿದಿರುವ ಗುಳಿಗೆಯ ಹಾಳೆಗಳನ್ನೂ, ಅಂಗಡಿಯಿಂದ ತಂದ ಡಬ್ಬಿಯಿದ್ದರೆ ಅದನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿರಿ. ಯಾವುದರಲ್ಲಿ ಎಷ್ಟು ಯೂನಿಟ್ ಡಿ ಇದೆಯೆಂದು ವೈದ್ಯರು ಕೂಡಿಸಿ ನೋಡಿ, ಯಾವುದನ್ನು ಬಿಡಬೇಕೆಂದು ಹೇಳುತ್ತಾರೆ. ಗಂಡಂದಿರು ಹೊರಗೆ ಗಾಡಿಯ ಹತ್ತಿರ ನಿಲ್ಲದೆ ಒಳಗೆ ಹೋಗಿ ಆ ಮಾತನ್ನು ತಾವೂ ಕೇಳಿಸಿಕೊಳ್ಳತಕ್ಕದ್ದು.